ಹವಳದಿಬ್ಬಕ್ಕೆ ಎಷ್ಟು ಅಪಾಯ? ಉಪಗ್ರಹದ ಲೆಕ್ಕವನ್ನೇ ನಂಬಬಹುದೇ?

ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ. ಇತ್ತ ಉಡುಪಿಯಿಂದ ಉತ್ತರಕ್ಕೆ, ಮುರ್ಡೇಶ್ವರದೆದುರಿನ ನೇತ್ರಾಣಿಯ ಬಂಡೆಗಳಿಗೂ ಹವಳ ಅಂಟಿ ಬೆಳೆದಿದೆ. ಯಾವ ಜಾಗ ಎಷ್ಟು ಅಪಾಯದಲ್ಲಿದೆ ಎಂಬ ನಕ್ಷೆಯನ್ನು ಉಪಗ್ರಹದ ದತ್ತಾಂಶದಿಂದಲೇ ಮಾಡಿ, ಅದರ ಮೇಲೆ ಡೈವಿಂಗ್, ಲಂಗರು, ಹೂಳೆತ್ತುವ ಕೆಲಸಕ್ಕೆ ತಡೆ ಹಾಕಬಹುದೇ?

ಪರ: ದೋಣಿ ಹೊರಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ

ಹವಳ ಬಿಳಿಚಿಕೊಳ್ಳಲು ವರ್ಷಗಳು ಬೇಡ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಸಾಕು. ತನಗೆ ಉಣಿಸುವ ಸೂಕ್ಷ್ಮ ಪಾಚಿಯನ್ನು ಹವಳದ ಜೀವಿ ಮೈಯಿಂದ ಹೊರಗೆ ತಳ್ಳುತ್ತದೆ, ತೆಳು ಮಾಂಸದಡಿಯ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸತ್ತ ಗೂಡಿನ ಮೇಲೆ ನೂಲಿನಂಥ ಪಾಚಿ ಹಬ್ಬುತ್ತದೆ. ಲಕ್ಷದ್ವೀಪ 1998, 2010, 2016ರಲ್ಲಿ ಇದನ್ನು ಕಂಡಿತು, 2024ರಲ್ಲಿ ಮತ್ತೆ ಕಂಡಿತು.

ನಮ್ಮ ಕಡಲು ಹೆಚ್ಚು ಕಾಯುವುದು ಏಪ್ರಿಲ್-ಮೇ ತಿಂಗಳಲ್ಲಿ. ಮೇ ನಡುವಿಗೆ ಮಂಜಿಗಳ ಯಾನ ನಿಂತರೆ ಮತ್ತೆ ಶುರುವಾಗುವುದು ಸೆಪ್ಟೆಂಬರ್ ನಡುವಿಗೆ. ಹವಳ ಉಳಿಯುತ್ತದೋ ಸಾಯುತ್ತದೋ ಎಂದು ತೀರ್ಮಾನವಾಗುವ ದಿನಗಳಲ್ಲೇ ಕಡಲು ನಮ್ಮನ್ನು ಹತ್ತಿರ ಬಿಡುವುದಿಲ್ಲ. ಲಕ್ಷದ್ವೀಪದಲ್ಲಿ 12 ಹವಳವೃತ್ತಗಳಿವೆ (ಅಟಾಲ್, ಅಂದರೆ ಉಂಗುರದಾಕಾರದ ಹವಳದಿಬ್ಬ), ಅವಲ್ಲದೆ ನೀರಿನಡಿ ಮುಳುಗಿದ ದಿಣ್ಣೆಗಳೂ ಇವೆ. ಅಷ್ಟನ್ನೂ ಒಂದೇ ಬೇಸಿಗೆಯಲ್ಲಿ ಮುಳುಗಿ ನೋಡಿ ಬರುವಷ್ಟು ಜನ ಯಾವ ಸಂಸ್ಥೆಯಲ್ಲೂ ಇಲ್ಲ.

ಉಪಗ್ರಹ ಕೊಡುವ ಬಿಸಿಯ ಲೆಕ್ಕ ಸರಳ, ಯಾರು ಬೇಕಾದರೂ ಪರೀಕ್ಷಿಸಬಹುದು. ಮೊದಲು ಆ ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳ ಸರಾಸರಿ ತಾಪಮಾನ ಹಿಡಿಯಬೇಕು. ಉದಾಹರಣೆಗೆ ಅದು 29.8 ಡಿಗ್ರಿ ಎನ್ನಿ. ಅದಕ್ಕಿಂತ ಕನಿಷ್ಠ 1 ಡಿಗ್ರಿ ಹೆಚ್ಚಾದರೆ ಮಾತ್ರ ಲೆಕ್ಕಕ್ಕೆ. ಮೊದಲ ವಾರ 31.0 ಇದ್ದರೆ 1.2 ಸೇರಿತು. ಎರಡನೇ ವಾರ 30.6, ಹೆಚ್ಚಳ 0.8 ಮಾತ್ರ, ಬಿಟ್ಟುಬಿಡಿ. ಮೂರನೇ ವಾರ 31.3, ನಾಲ್ಕನೇ ವಾರ 31.6: 1.5 ಮತ್ತು 1.8. ಒಟ್ಟು 4.5. ಹೀಗೆ ಹಿಂದಿನ 12 ವಾರಗಳನ್ನು ಕೂಡಿದರೆ ಬರುವುದೇ ಡಿಗ್ರಿ ಹೀಟಿಂಗ್ ವೀಕ್. 4 ದಾಟಿದರೆ ಗಮನಾರ್ಹ ಬಿಳಿಚುವಿಕೆ, 8 ದಾಟಿದರೆ ಸಾವು ನಿರೀಕ್ಷಿಸಬೇಕು. ಅಮೆರಿಕದ ನೋವಾ ಸಂಸ್ಥೆ ಇದನ್ನು 5 ಕಿಲೋಮೀಟರ್ ಚೌಕದಲ್ಲಿ ದಿನವೂ ಪ್ರಕಟಿಸುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಲಕ್ಷದ್ವೀಪ, ಅಂಡಮಾನ್, ನಿಕೋಬಾರ್, ಕಚ್ಛ್ ಮತ್ತು ಮನ್ನಾರ್ ಕೊಲ್ಲಿಗಳಿಗೆ ಎಚ್ಚರಿಕೆ ಕೊಡುತ್ತದೆ. ಎರಡೂ ಉಚಿತ.

ಇಂದಿನ ಬಿಸಿಯೊಂದರಿಂದಲೇ ದಿಬ್ಬ ಎಷ್ಟು ದುರ್ಬಲ ಎಂದು ತಿಳಿಯದು, ನಿಜ. ಆದರೆ ಉಪಗ್ರಹದ ತಾಪಮಾನ ದಾಖಲೆ 1985ರಿಂದ ದಿನವಹಿ ಇದೆ. ಅದರಿಂದ ಒಂದು ದಿಬ್ಬ ಎಷ್ಟು ಬಾರಿ 4 ದಾಟಿತು, ಎರಡು ಹೊಡೆತಗಳ ನಡುವೆ ಸುಧಾರಿಸಿಕೊಳ್ಳಲು ಎಷ್ಟು ವರ್ಷ ಸಿಕ್ಕಿತು ಎಂದು ತೆಗೆಯಬಹುದು. ನನ್ನ ಮಟ್ಟಿಗೆ ನಕ್ಷೆಯಲ್ಲಿ ಒಂದರ ಮೇಲೊಂದು ಹಾಸುವ ಎಲ್ಲ ಮಾಹಿತಿ ಪದರಗಳಿಗಿಂತ ಬೆಲೆಬಾಳುವುದು ಈ ನಡುವಿನ ವರ್ಷಗಳ ಲೆಕ್ಕ. ಇದಕ್ಕೆ ನಮ್ಮದೇ ಉಪಗ್ರಹ ಓಶನ್‌ಸ್ಯಾಟ್‌ನಿಂದ ನೀರಿನ ಕದಡು, ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದಿಂದ ದಿಬ್ಬದ ಹರಹು, ಜೆಟ್ಟಿ ಮತ್ತು ಹೂಳೆತ್ತುವ ಜಾಗದಿಂದ ಇರುವ ದೂರ ಸೇರಿಸಿ, ಪ್ರತಿ ಪದರವನ್ನೂ 0ಯಿಂದ 1ರ ಅಳತೆಗೆ ತಂದು ಕೂಡಿದರೆ ನಕ್ಷೆ ಸಿದ್ಧ. ಹೊಸಬರು ಎಡವುವುದು ಇಲ್ಲಿಯೇ. ಅತಿ ಕಡಿಮೆ, ಅತಿ ಹೆಚ್ಚು ಬೆಲೆಗಳನ್ನು ಹಾಗೇ 0 ಮತ್ತು 1 ಮಾಡಿದರೆ, ಮೋಡದಂಚಿನ ಒಂದೇ ಒಂದು ತಪ್ಪು ಪಿಕ್ಸೆಲ್ ಉಳಿದೆಲ್ಲವನ್ನೂ ಒಂದು ಮೂಲೆಗೆ ಒತ್ತಿಬಿಡುತ್ತದೆ. 5ನೇ ಮತ್ತು 95ನೇ ಶತಾಂಶಕಗಳನ್ನು (ಪರ್ಸೆಂಟೈಲ್) ಗಡಿ ಮಾಡಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಎಚ್ಚರಿಕೆ ಸುಳ್ಳಾದರೆ ಹೋಗುವುದು ಕೆಲವು ವಾರದ ಡೈವಿಂಗ್ ವ್ಯಾಪಾರ, ಮುಂದಕ್ಕೆ ಹೋದ ಒಂದು ಹೂಳೆತ್ತುವ ಗುತ್ತಿಗೆ. ನಿಜವಾಗಿದ್ದೂ ನಾವು ಸುಮ್ಮನಿದ್ದರೆ, ಬಿಸಿಯಿಂದ ಬಳಲಿದ ಹವಳದ ಮೇಲೆ ಲಂಗರಿನ ಪೆಟ್ಟು, ಹೂಳಿನ ಹೊದಿಕೆ ಎರಡೂ ಬೀಳುತ್ತವೆ. ಸತ್ತ ದಿಬ್ಬ ಮತ್ತೆ ಬೆಳೆಯಲು ಹತ್ತು ವರ್ಷವೂ ಸಾಲದು. 4 ದಾಟಿದ ದಿನವೇ ತಡೆ ಹಾಕಿ, ಪರಿಶೀಲನೆ ಆಮೇಲೆ ನಡೆಯಲಿ.

ವಿರೋಧ: ಅದು ಬಿಸಿಯ ನಕ್ಷೆ, ಹವಳದ ನಕ್ಷೆಯಲ್ಲ

ತೆರೆದ ಕಡಲಿನ ಬಿಸಿಯನ್ನು ಉಪಗ್ರಹ ಚೆನ್ನಾಗಿ ಹೇಳುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಬಿಸಿಯಿಂದ ಈ ಹವಳಕ್ಕೆ ಏನಾಯಿತು ಎಂದೂ ಅದೇ ನಕ್ಷೆ ಹೇಳುತ್ತದೆ ಎನ್ನುವಾಗ.

5 ಕಿಲೋಮೀಟರ್ ಚೌಕ ಎಂದರೆ 25 ಚದರ ಕಿಲೋಮೀಟರ್. ಅದನ್ನು 10 ಮೀಟರ್ ಪಿಕ್ಸೆಲ್‌ಗಳ ಮೇಲೆ ಹಾಸಿದಾಗ ಒಂದೇ ಸಂಖ್ಯೆ 2.5 ಲಕ್ಷ ಸಲ ನಕಲಾಗುತ್ತದೆ. ಪರದೆಯಲ್ಲಿ ನಕ್ಷೆ ನುಣುಪಾಗಿ, ಬಹಳ ಸೂಕ್ಷ್ಮವಾಗಿ ಕಾಣುತ್ತದೆ. ಬಿಸಿಯ ಮಾಹಿತಿ ಮಾತ್ರ ಒಂದೇ. ಅದೇ ಚೌಕದೊಳಗೆ ಮಧ್ಯಾಹ್ನದ ಇಳಿತದಲ್ಲಿ ಮೊಣಕಾಲು ನೀರಿನ ಲಗೂನು (ದಿಬ್ಬದ ಒಳಗಿನ ಆಳವಿಲ್ಲದ ಕೊಳ) ಇರುತ್ತದೆ, ಹೊರಗೋಡೆಯ 15 ಮೀಟರ್ ಆಳವೂ ಇರುತ್ತದೆ. ಎರಡು ಕಡೆಯ ಬಿಸಿ ಒಂದೇ ಆಗುವುದು ಹೇಗೆ? ಉಪಗ್ರಹದ ಅವಕೆಂಪು (ಇನ್ಫ್ರಾರೆಡ್) ಸಂವೇದಕ ನೋಡುವುದು ನೀರಿನ ಕೂದಲೆಳೆಗಿಂತ ತೆಳುವಾದ ಮೇಲ್ಪದರವನ್ನು. ಮೈಕ್ರೋವೇವ್ ಮೋಡ ದಾಟಿ ನೋಡುತ್ತದೆ, ಆದರೆ ಅದರ ಚೌಕ ಹತ್ತಾರು ಕಿಲೋಮೀಟರಿನದು, ನೆಲ ಹತ್ತಿರವಿದ್ದರೆ ಲೆಕ್ಕ ಕೆಡುತ್ತದೆ.

10 ಮೀಟರ್ ಚಿತ್ರ ಹವಳವನ್ನೇ ತೋರಿಸುತ್ತದಲ್ಲ ಎನ್ನುತ್ತಾರೆ. ಒಂದು ಪಿಕ್ಸೆಲ್ ಎಂದರೆ 100 ಚದರ ಮೀಟರ್. ಅಷ್ಟರಲ್ಲಿ ಮರಳು, ಮುರಿದ ಹವಳದ ಚೂರು, ಪಾಚಿ ಹಿಡಿದ ಸತ್ತ ಗೂಡು, ಜೀವಂತ ಹವಳ ಎಲ್ಲವೂ ಕಲಸಿರುತ್ತವೆ. ಬಿಳಿಚಿದ ಹವಳ ಮೇಲಿನಿಂದ ಮರಳಿನಷ್ಟೇ ಬೆಳ್ಳಗೆ. ಅದು ಸತ್ತು ಪಾಚಿ ಹಿಡಿದ ಮೇಲೆ ಕಂದುಹಸಿರು, ಜೀವಂತ ಹವಳದ ಬಣ್ಣಕ್ಕೆ ಹತ್ತಿರ. ಹೀಗಾಗಿ ಬಿಸಿ ಕಳೆದು ಎರಡು ತಿಂಗಳ ಮೇಲೆ ತೆಗೆದ ಚಿತ್ರದಲ್ಲಿ ಸತ್ತ ದಿಬ್ಬವೂ ಚೇತರಿಸಿಕೊಂಡಂತೆ ಕಾಣಬಹುದು. ನನ್ನನ್ನು ಎಲ್ಲಕ್ಕಿಂತ ಕಾಡುವ ತಪ್ಪು ಇದು.

ಚಿತ್ರ ಸಿಗುವ ಕಾಲವೂ ನಮಗೆ ಅನುಕೂಲವಾಗಿಲ್ಲ. ಏಪ್ರಿಲ್ 24-25ರ ಹೊತ್ತಿಗೆ ಮಂಗಳೂರು, ಉಡುಪಿಯಲ್ಲಿ ಶೂನ್ಯ ನೆರಳಿನ ದಿನ, ಸೂರ್ಯ ನೆತ್ತಿಯ ಮೇಲೆ. ಸೆಂಟಿನೆಲ್-2 ಹಾದುಹೋಗುವ ಬೆಳಗಿನ ಹತ್ತೂವರೆಯ ಸುಮಾರಿಗೂ ಬಿಸಿಲು ಎತ್ತರದಲ್ಲಿರುವುದರಿಂದ ಅಲೆಗಳ ಮೇಲಿನ ಥಳಥಳ ನೇರ ಸಂವೇದಕಕ್ಕೆ ಹೊಡೆಯುತ್ತದೆ. ಬಿಳಿಚುವ ಹಂಗಾಮಿನಲ್ಲೇ ಚಿತ್ರ ಕೆಡುವುದು ಹೀಗೆ. ಸರಿಪಡಿಸುವ ಕ್ರಮ ಇದೆ: ಆಳ ನೀರಿನ ಒಂದು ತುಂಡು ಆರಿಸಿ, ಸಮೀಪ ಅವಕೆಂಪು ಪಟ್ಟಿಗೂ ಪ್ರತಿ ಬಣ್ಣದ ಪಟ್ಟಿಗೂ ಇರುವ ಏರಿಕೆಯ ಸಂಬಂಧ ಕಂಡುಹಿಡಿದು, ಅಷ್ಟನ್ನು ಎಲ್ಲ ಕಡೆ ಕಳೆಯುವುದು. ನೀರಿನೊಳಗಿನಿಂದ ಅವಕೆಂಪು ಬೆಳಕು ಬರುವುದೇ ಇಲ್ಲ ಎಂಬ ನಂಬಿಕೆಯ ಮೇಲೆ ಇದು ನಿಂತಿದೆ. ದಿಬ್ಬದ ನೆತ್ತಿಯಲ್ಲಿ, ಗೇಣುದ್ದ ನೀರಿರುವ ಕಡೆ, ತಳವೇ ಅವಕೆಂಪನ್ನು ಹಿಂದಿರುಗಿಸುತ್ತದೆ. ಆಗ ಕಳೆಯಬಾರದ್ದನ್ನೂ ಕಳೆದು ಅಲ್ಲಿ ಸುಳ್ಳು ಕಪ್ಪು ಮೂಡುತ್ತದೆ. ಇದು ಮುಗಿಯುವಷ್ಟರಲ್ಲಿ ಜೂನ್ ಬರುತ್ತದೆ, ಮೋಡ ಕವಿಯುತ್ತದೆ.

ನೇತ್ರಾಣಿಗೆ ಬಂದರೆ ವಿಧಾನವೇ ಕೈಕೊಡುತ್ತದೆ. ಅಲ್ಲಿ ಹವಳ ಇರುವುದು ಕಡಿದಾದ ಬಂಡೆಯ ಇಳಿಜಾರಿನಲ್ಲಿ. ಮೇಲಿನಿಂದ ನೋಡಿದರೆ ಆ ಪಟ್ಟಿಯ ಅಗಲ ಒಂದೆರಡು ಪಿಕ್ಸೆಲ್ಲೂ ಇಲ್ಲ. ನೀರು ಆಳವಾದಂತೆ ತಳದ ಬಣ್ಣ ಮಾಸುವ ಪ್ರಭಾವವನ್ನು ಕಳೆಯುವ ಸೂತ್ರಕ್ಕೆ ಬೇರೆ ಬೇರೆ ಆಳದಲ್ಲಿ ಬಿಳಿ ಮರಳಿನ ತಳ, ತಿಳಿನೀರು ಎರಡೂ ಬೇಕು. ಅದು ಲಗೂನಿಗೆ ಹೊಂದುವ ಸೂತ್ರ. ನಮ್ಮ ಕರಾವಳಿಯಲ್ಲಿ ನೇತ್ರಾವತಿ, ಶರಾವತಿ ತರುವ ಕೆಂಪು ನೀರು ಉಪಗ್ರಹ ಕೊಡುವ ಕ್ಲೋರೊಫಿಲ್ (ನೀರಿನ ಪಾಚಿಯ ಹಸಿರು) ಲೆಕ್ಕವನ್ನೂ ಉಬ್ಬಿಸುತ್ತದೆ. ಕದಡಿದ ನೀರಿಗೆ ನಕ್ಷೆಯಲ್ಲಿ ಕಣ್ಣುಮುಚ್ಚಿ 'ಅಪಾಯ' ಎಂದು ಅಂಕ ಕೊಡುವುದೂ ತಪ್ಪು: ಹೂಳು ಹವಳವನ್ನು ಉಸಿರುಗಟ್ಟಿಸುತ್ತದೆ, ಆದರೆ ಹಗುರ ಕದಡು ಬಿಸಿಲನ್ನು ತಡೆದು ಬಿಳಿಚುವಿಕೆಯನ್ನು ತಗ್ಗಿಸುವುದೂ ಉಂಟು.

ಇನ್ನು ಪದರಗಳನ್ನು ಕೂಡುವಾಗ ಪ್ರತಿಯೊಂದಕ್ಕೂ ಕೊಡುವ ತೂಕದ ಮಾತು. ಬಿಸಿಗೆ 0.4, ಕದಡಿಗೆ 0.2 ಎಂದು ಯಾರೋ ಕುರ್ಚಿಯಲ್ಲಿ ಕುಳಿತು ಇಟ್ಟದ್ದು. ತೂಕಗಳನ್ನು ಶೇ. 20ರಷ್ಟು ಅತ್ತಿತ್ತ ಸರಿಸಿ, ಎಷ್ಟು ಪಿಕ್ಸೆಲ್‌ಗಳು 'ಅತಿ ದುರ್ಬಲ'ದಿಂದ 'ಮಧ್ಯಮ'ಕ್ಕೆ ಜಿಗಿಯುತ್ತವೆ ಎಂದು ಎಣಿಸದ ನಕ್ಷೆಯ ಮೇಲೆ ತಡೆಯಾಜ್ಞೆ ಹೊರಡಿಸಬಾರದು. ಚೇತರಿಸುವ ಶಕ್ತಿಯಂತೂ ಯಾವ ಪದರದಲ್ಲೂ ಇಲ್ಲ. ಕವಲೊಡೆದ ಅಕ್ರೊಪೊರ ಬೇಗ ಸಾಯುತ್ತದೆ, ಗುಂಡು ಬಂಡೆಯಂಥ ಪೋರೈಟಿಸ್ ತಡೆದುಕೊಳ್ಳುತ್ತದೆ. ಪಾಚಿ ಮೇಯುವ ಗಿಳಿಮೀನು ಇದ್ದರೆ ಮರಿಹವಳಕ್ಕೆ ಕೂರಲು ಜಾಗ ಸಿಗುತ್ತದೆ. ಇವನ್ನೆಲ್ಲ ನೀರಿಗಿಳಿದೇ ನೋಡಬೇಕು.

ಲಕ್ಷದ್ವೀಪದವರು ಗಾಳದಲ್ಲಿ ಸೂರೆ (ಟ್ಯೂನಾ) ಮೀನು ಹಿಡಿಯುವುದು ಲಗೂನಿನ ಜೀವಂತ ಎರೆಮೀನು ನಂಬಿ. ತಪ್ಪು ಚೌಕಕ್ಕೆ ತಡೆ ಬಿದ್ದರೆ ಅದು ಕೆಲವು ವಾರದ ವ್ಯಾಪಾರದ ಪ್ರಶ್ನೆಯಲ್ಲ, ಅವರ ಊಟದ ಪ್ರಶ್ನೆ.

ಬೇಕಾದ ಕೆಲಸ ದೊಡ್ಡದೂ ಅಲ್ಲ. ಫೆಬ್ರವರಿಯಲ್ಲಿ 5 ಮತ್ತು 15 ಮೀಟರ್ ಆಳದಲ್ಲಿ ಅರ್ಧ ಗಂಟೆಗೊಮ್ಮೆ ದಾಖಲಿಸುವ ತಾಪಮಾನ ಲಾಗರ್ ಕಟ್ಟಬೇಕು. ಬಂಡೆಯ ಎರಡು ತುದಿಗೆ ಗೂಟ ಹೊಡೆದು 20 ಮೀಟರ್ ಟೇಪು ಎಳೆದು, ಅದರಡಿ ಬಂದ ಹವಳ, ಮರಳು, ಪಾಚಿಯ ಉದ್ದ ಬರೆದುಕೊಳ್ಳಬೇಕು, ಬಣ್ಣದ ಪಟ್ಟಿ ಹಿಡಿದು ಹವಳದ ಬಣ್ಣ ಗುರುತಿಸಬೇಕು. ಇನ್‌ಕಾಯಿಸ್ ಎಚ್ಚರಿಕೆ ಬಂದ ವಾರ ಅದೇ ಗೂಟಗಳ ನಡುವೆ ಇನ್ನೊಮ್ಮೆ. ಲಾಗರನ್ನು ಮಾತ್ರ ಮೇ ಎರಡನೇ ವಾರದೊಳಗೆ ಬಿಚ್ಚಿ ತರಬೇಕು. ತೂಫಾನು ಎದ್ದ ಮೇಲೆ ಕಟ್ಟಿದ ದಾರವೂ ಉಳಿಯುವುದಿಲ್ಲ, ದಾಖಲೆಯೂ ಉಳಿಯುವುದಿಲ್ಲ.