ಪುರಾವೆ ತನ್ನಿ, ಆದರೆ ಹುಡುಕಬೇಡಿ

ಅಮೆರಿಕದಲ್ಲಿ ಮತ್ತೆ ಗುಂಡು ಹಾರಿದೆ. ಯಾವ ಊರು, ಯಾವ ಶಾಲೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ನೀವು ಇದನ್ನು ಓದುವ ಹೊತ್ತಿಗೆ ಆ ಊರು ಹಳೆಯ ಸುದ್ದಿಯಾಗಿ, ಅದರ ಜಾಗದಲ್ಲಿ ಇನ್ನೊಂದು ಊರು ಬಂದು ಕೂತಿರುತ್ತದೆ. ಉಳಿದುದೆಲ್ಲ ಎಂದಿನಂತೆಯೇ ಇದೆ: ಮೇಣದಬತ್ತಿಗಳು, ಹೂಗುಚ್ಛಗಳು, ನಮ್ಮ ಪ್ರಾರ್ಥನೆಗಳು ನಿಮ್ಮೊಂದಿಗಿವೆ ಎನ್ನುವ ಸೆನೆಟರುಗಳು, ಮತ್ತು ಟೀವಿ ಚರ್ಚೆಯಲ್ಲಿ ಕೋಟು ತೊಟ್ಟು ಕುಳಿತ ಒಬ್ಬ ಸಭ್ಯರು. ನನ್ನ ನೆತ್ತಿಗೇರುವುದು ಈ ಸಭ್ಯರ ಮಾತೇ. ದುಃಖ ನನಗೂ ಇದೆ, ಆದರೆ ಕಣ್ಣೀರಿನಲ್ಲಿ ಕಾನೂನು ಬರೆಯಲಾಗದು, ಭಾವನೆಯನ್ನು ಬದಿಗಿಟ್ಟು ಪುರಾವೆ ತನ್ನಿ ಎಂದು ಅವರು ತಂಪಾದ ದನಿಯಲ್ಲಿ ಹೇಳುತ್ತಾರೆ.

ಎಂಥ ಘನವಾದ ಮಾತು! ರಾಹುಕಾಲ ಕಳೆದ ಮೇಲಷ್ಟೇ ಸೇತುವೆಗೆ ಗುದ್ದಲಿ ಪೂಜೆ ನಡೆಯುವ ನಾಡಿನಲ್ಲಿ ಕೂತು ಬರೆಯುವವನಿಗೆ, ಅಂಕಿಅಂಶವಿಲ್ಲದೆ ಒಂದು ಹೆಜ್ಜೆಯನ್ನೂ ಎತ್ತಿಡದ ದೇಶವೊಂದಿದೆ ಎಂದರೆ ರೋಮಾಂಚನವಾಗದೆ ಇರುತ್ತದೆಯೇ? ಹಾಗಾಗಿ ಆ ಪುರಾವೆ ಎಲ್ಲಿ ತಡವಾಯಿತು, ಯಾವ ಮೇಜಿನ ಮೇಲೆ ಕೂತಿದೆ ಎಂದು ವಿಚಾರಿಸಲು ಹೊರಟೆ.

ಪುರಾವೆ ಬಂದಿತ್ತು ಎಂಬುದು ಮೊದಲು ತಿಳಿದ ಸಂಗತಿ. 1993ರಲ್ಲಿ ಆರ್ಥರ್ ಕೆಲರ್‌ಮನ್ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ, ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಹಣದಲ್ಲಿ ಒಂದು ಅಧ್ಯಯನ ಮಾಡಿ ಪ್ರಕಟಿಸಿದರು. ಬಂದೂಕು ಇರುವ ಮನೆಯಲ್ಲಿ ಮನೆಯವರೇ ಕೊಲೆಯಾಗುವ ಸಂಭವ ಹೆಚ್ಚು, ಕೊಲ್ಲುವವರೂ ಬಹುಮಟ್ಟಿಗೆ ಮನೆಯವರೇ ಅಥವಾ ಬಳಕೆಯವರೇ ಎಂಬುದು ಅದರ ಸಾರ. ಪುರಾವೆಯ ಆರಾಧಕರಾದವರು ಇಂಥ ಅಧ್ಯಯನ ಹಿಡಿಸದಿದ್ದರೆ ಎದುರಿಗೆ ಇನ್ನೊಂದು ಅಧ್ಯಯನ ಮಾಡಿಸಬೇಕು. ಅವರು ಅದಕ್ಕಿಂತ ಸುಲಭದ ದಾರಿ ಕಂಡುಕೊಂಡರು. 1996ರಲ್ಲಿ ಅರ್ಕಾನ್ಸಾ ರಾಜ್ಯದ ಸಂಸದ ಜೇ ಡಿಕ್ಕಿಯವರ ಹೆಸರಿನ ತಿದ್ದುಪಡಿ ಬಂತು: ಸಿಡಿಸಿಯ ಹಣವನ್ನು ಬಂದೂಕು ನಿಯಂತ್ರಣದ ಪ್ರತಿಪಾದನೆಗೆ ಬಳಸಕೂಡದು. ಜೊತೆಗೆ ಆ ಸಂಸ್ಥೆ ಬಂದೂಕಿನ ಸಂಶೋಧನೆಗೆ ಖರ್ಚು ಮಾಡುತ್ತಿದ್ದಷ್ಟೇ ಮೊತ್ತವನ್ನು, 26 ಲಕ್ಷ ಡಾಲರನ್ನು, ಕರಾರುವಾಕ್ಕಾಗಿ ಕತ್ತರಿಸಿ, ತಲೆಗೆ ಪೆಟ್ಟು ಬಿದ್ದವರ ಮಿದುಳಿನ ಸಂಶೋಧನೆಗೆ ತಿರುಗಿಸಲಾಯಿತು. ಈ ಕೊನೆಯ ವಿವರವನ್ನು ನಾನು ಹಾಸ್ಯಕ್ಕಾಗಿ ಸೇರಿಸಿದ್ದಲ್ಲ.

ತಿದ್ದುಪಡಿಯಲ್ಲಿ ಸಂಶೋಧನೆ ನಿಷಿದ್ಧ ಎಂದು ಎಲ್ಲೂ ಬರೆದಿರಲಿಲ್ಲ ಎಂದು ಸಭ್ಯರು ನೆನಪಿಸುತ್ತಾರೆ. ನಿಜ. ಅಡುಗೆ ಮಾಡಬಹುದು, ಹೊಗೆ ಮಾತ್ರ ಕಾಣಿಸಬಾರದು ಎಂದಿತ್ತು, ಅಷ್ಟೇ. ಯಾವ ಅಂಕಿ ಯಾವ ಸಂಸದನ ಕಣ್ಣಿಗೆ ಪ್ರತಿಪಾದನೆಯಾಗಿ ಕಂಡೀತೆಂದು ಹೇಳಲಾಗದ ಅಧಿಕಾರಿಗಳು ಒಲೆಯನ್ನೇ ಆರಿಸಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಅದು ಆರಿಯೇ ಇತ್ತು. ಸ್ವತಃ ಡಿಕ್ಕಿಯವರೇ 2012ರಲ್ಲಿ, ತಾವು ಹಿಂದೆ ಯಾರ ಕೆಲಸಕ್ಕೆ ಕತ್ತರಿ ಹಾಕಿದ್ದರೋ ಆ ವಿಭಾಗದ ಮುಖ್ಯಸ್ಥರಾಗಿದ್ದ ಮಾರ್ಕ್ ರೋಸನ್‌ಬರ್ಗ್ ಅವರೊಂದಿಗೆ ಸೇರಿ, ಈ ಸಂಶೋಧನೆ ನಡೆಯಬೇಕು ಎಂದು ಪತ್ರಿಕೆಯಲ್ಲಿ ಬರೆದರು. 2017ರಲ್ಲಿ ಡಿಕ್ಕಿಯವರು ತೀರಿಕೊಂಡರು. ಹಣ ಮತ್ತೆ ಮಂಜೂರಾದದ್ದು 2019ರ ಡಿಸೆಂಬರಿನಲ್ಲಿ. ಪಶ್ಚಾತ್ತಾಪಕ್ಕೂ ಒಂದು ಸರತಿ ಸಾಲು ಇರುತ್ತದೆ.

ಅದೇ 1996ರಲ್ಲಿ, ಆಸ್ಟ್ರೇಲಿಯದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನರನ್ನು ಕೊಂದಾಗ, ಅಲ್ಲಿನ ಸಂಪ್ರದಾಯವಾದಿ ಪ್ರಧಾನಿ ಜಾನ್ ಹೋವರ್ಡ್ ಅತ್ಯಂತ ಭಾವುಕರಾಗಿ, ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಜನರಿಂದ ಕೊಂಡು ನಾಶ ಮಾಡಿಸಿದರು. ಪಾಪ, ಅವರಿಗೆ ತಾಳ್ಮೆ ಇರಲಿಲ್ಲ.

ಇನ್ನು ಪುರಾವೆಯ ದಫ್ತರಕ್ಕೆ ಬರೋಣ. ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ಕಂಡವರಿಗೆ ವೆಸ್ಟ್ ವರ್ಜೀನಿಯದ ಮಾರ್ಟಿನ್ಸ್‌ಬರ್ಗ್ ಪಟ್ಟಣದ ರಾಷ್ಟ್ರೀಯ ಪತ್ತೆ ಕೇಂದ್ರದ ವರ್ಣನೆ ಓದಿದರೆ ತವರಿಗೆ ಬಂದಂತಾಗುತ್ತದೆ. ಕೊಲೆ ನಡೆದ ಜಾಗದಲ್ಲಿ ಸಿಕ್ಕಿದ ಬಂದೂಕು ಯಾರದು ಎಂದು ಪೊಲೀಸರು ಕೇಳಿದರೆ, ಅದನ್ನು ಪತ್ತೆ ಮಾಡಿಕೊಡುವ ದೇಶದ ಏಕೈಕ ಕಚೇರಿ ಇದು. ಇಲ್ಲಿಂದ ತಯಾರಕರಿಗೆ ಫೋನು, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ. ಅಂಗಡಿ ಮುಚ್ಚಿಹೋಗಿದ್ದರೆ ಅದರ ಹಳೆಯ ಲೆಕ್ಕದ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಈ ಕಚೇರಿಗೇ ಬಂದಿರುತ್ತವೆ. ಕಟ್ಟಡ ತುಂಬಿದ ಮೇಲೆ ಉಳಿದ ಪೆಟ್ಟಿಗೆಗಳಿಗಾಗಿ ಅಂಗಳದಲ್ಲಿ ಹಡಗಿನ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳನ್ನು ತಂದು ನಿಲ್ಲಿಸಬೇಕಾಯಿತು. ಕಂಪ್ಯೂಟರಿಗೆ ಏರಿಸಬಾರದೇ ಎಂದು ಕೇಳಬೇಡಿ. ಏರಿಸಿದ್ದಾರೆ, ಆದರೆ ಫೋಟೋಗಳಾಗಿ. ಕೊಂಡವನ ಹೆಸರು ಹಾಕಿ ಹುಡುಕುವಂತಿಲ್ಲ. ಬಂದೂಕುಗಳ ರಾಷ್ಟ್ರೀಯ ನೋಂದಣಿಪಟ್ಟಿ ಮಾಡಕೂಡದೆಂದು 1986ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಗುಮಾಸ್ತರು ಪುಟದ ಮೇಲೆ ಪುಟ ಸರಿಸುತ್ತ, ಕಣ್ಣಿನಿಂದಲೇ ಹುಡುಕುತ್ತಾರೆ.

ನಮ್ಮ ತಾಲ್ಲೂಕು ಕಚೇರಿಯಲ್ಲೂ ಪಹಣಿ ಸಿಗುವುದಿಲ್ಲ. ಆದರೆ ಅದು ಸೋಮಾರಿತನದಿಂದ, ಇಲಿಯಿಂದ, ಗೆದ್ದಲಿನಿಂದ, ಕೆಲವೊಮ್ಮೆ ಮೇಜಿನ ಕೆಳಗೆ ಕೈ ಚಾಚದ ಅರ್ಜಿದಾರನ ಅವಿವೇಕದಿಂದ. ಗೆದ್ದಲು ಮಾಡಬೇಕಾದ ಕೆಲಸವನ್ನು ಶಾಸಕಾಂಗಕ್ಕೆ ವಹಿಸುವ ಮಟ್ಟಕ್ಕೆ ನಾವಿನ್ನೂ ಬೆಳೆದಿಲ್ಲ.

ಹಾಗೆಂದು ಬಂದೂಕಿನ ಪಕ್ಷದವರ ಬಳಿ ಅಂಕಿಗಳೇ ಇಲ್ಲವೆಂದು ಭಾವಿಸಬಾರದು. ಅವರದು 25 ಲಕ್ಷ. ವರ್ಷಕ್ಕೆ 25 ಲಕ್ಷ ಸಲ ಅಮೆರಿಕನ್ನರು ಬಂದೂಕು ತೋರಿಸಿ ತಮ್ಮ ಪ್ರಾಣ, ಮಾನ, ಮನೆ ಉಳಿಸಿಕೊಳ್ಳುತ್ತಾರೆ ಎಂಬ ಈ ಸಂಖ್ಯೆ 1995ರಲ್ಲಿ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗೆರ್ಟ್ಜ್ ಪ್ರಕಟಿಸಿದ ಸಮೀಕ್ಷೆಯಿಂದ ಬಂದದ್ದು. ಸುಮಾರು 5,000 ಜನರಿಗೆ ಫೋನು ಮಾಡಿ ಕೇಳಿದ್ದರು. ಹೌದು ಎಂದವರು ನೂರಕ್ಕೆ ಒಬ್ಬರ ಆಸುಪಾಸು. ಅದನ್ನು ಇಡೀ ದೇಶದ ವಯಸ್ಕರ ಸಂಖ್ಯೆಗೆ ಗುಣಿಸಿದರು. ಈ ಗುಣಾಕಾರದ ಮಹಿಮೆಯನ್ನು ಹಾರ್ವರ್ಡಿನ ಡೇವಿಡ್ ಹೆಮೆನ್‌ವೇ ಎಂಬವರು ಎರಡು ವರ್ಷದ ಬಳಿಕ ಬೇರೊಂದು ಸಮೀಕ್ಷೆಯ ಮೂಲಕ ವಿವರಿಸಿದರು. 1994ರಲ್ಲಿ ಒಂದು ಟೀವಿ ವಾಹಿನಿಯೂ ಒಂದು ಪತ್ರಿಕೆಯೂ ಸೇರಿ 1,500 ಜನರನ್ನು ಫೋನಿನಲ್ಲಿ ಕೇಳಿದಾಗ, ಶೇಕಡ 10 ಮಂದಿ ಅನ್ಯಗ್ರಹದ ನೌಕೆಯನ್ನು ಕಂಡಿರುವುದಾಗಿ ಹೇಳಿದರಂತೆ. ಆ ಹತ್ತರಲ್ಲೂ ಶೇಕಡ 6 ಮಂದಿಗೆ ಅನ್ಯಗ್ರಹದವರ ಖುದ್ದು ಪರಿಚಯವಿತ್ತು. ಗುಣಿಸಿದರೆ ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಮಂಗಳದವರೊಡನೆಯೋ ಶುಕ್ರದವರೊಡನೆಯೋ ಮಾತುಕತೆ ನಡೆಸಿರಬೇಕು. ಹೀಗೆ ಲೆಕ್ಕ ಹಾಕುವುದಕ್ಕೆ ನಮ್ಮಲ್ಲಿ ಗಾಳಿಯಲ್ಲಿ ಗುಂಡು ಹೊಡೆಯುವುದು ಎನ್ನುತ್ತಾರೆ. ಕನ್ನಡದ ಆ ನುಡಿಗಟ್ಟಿಗೆ ಇಷ್ಟು ತಕ್ಕ ಸಂದರ್ಭ ಇನ್ನೊಂದು ಸಿಗಲಾರದು.

ನ್ಯಾಯಾಲಯವಂತೂ ಪುರಾವೆಯ ಗೊಡವೆಯನ್ನೇ ಬಿಟ್ಟಿತು. 2022ರ ಬ್ರೂಯೆನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಬಂದೂಕಿನ ಕಾನೂನೊಂದು ಜೀವ ಉಳಿಸುತ್ತದೆಯೇ ಎಂದು ತೂಗಿ ನೋಡುವ ಪದ್ಧತಿ ಬೇಡ, ದೇಶದ ಚರಿತ್ರೆ ಮತ್ತು ಸಂಪ್ರದಾಯದಲ್ಲಿ ಅದಕ್ಕೆ ಹೋಲಿಕೆ ಇದೆಯೇ ಎಂದು ಮಾತ್ರ ನೋಡಿ ಎಂದಿತು. ಅಂದಿನಿಂದ ಸರ್ಕಾರಿ ವಕೀಲರು, ಬಂದೂಕಿನ ಹಕ್ಕು ಸಂವಿಧಾನಕ್ಕೆ ಸೇರಿದ 1791ರ ಸುತ್ತಮುತ್ತ ಅಲೆಯುತ್ತಿದ್ದಾರೆ. ಹೆಂಡತಿಯನ್ನೋ ಸಂಗಾತಿಯನ್ನೋ ಹಿಂಸಿಸಿ ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದವನ ಕೈಯಲ್ಲಿ ಬಂದೂಕು ಇರಬಾರದು ಎಂಬ ಕಾನೂನನ್ನು, ಹಿಂದಿನ ಕಾಲದಲ್ಲಿ ಇಂಥದ್ದು ಇರಲಿಲ್ಲ ಎಂಬ ಕಾರಣಕ್ಕೆ 2023ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತು. ಹಿಂದಿನ ಕಾಲದಲ್ಲಿ ಇರಲಿಲ್ಲ, ಸರಿ. ಹೆಂಡತಿಗೆ ಹೊಡೆಯುವುದು ಆಗ ಅಪರಾಧವೆಂದು ಯಾರಿಗೆ ತಾನೇ ಅನಿಸಿತ್ತು? ಮರುವರ್ಷ ಸುಪ್ರೀಂ ಕೋರ್ಟು ಎಂಟಕ್ಕೆ ಒಂದು ಮತದಿಂದ ಆ ಕಾನೂನನ್ನು ಉಳಿಸಿತು. ಆ ಒಬ್ಬರು, ಬ್ರೂಯೆನ್ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ತಾವು ಬರೆದುದನ್ನು ಅಕ್ಷರಶಃ ನಂಬಿದವರು ಅವರೊಬ್ಬರೇ ಎನ್ನಬೇಕು.

ಅಂದರೆ ಸತ್ತ ಮಗುವಿನ ತಾಯಿ ಅತ್ತರೆ ಭಾವನೆ. ಪೂರ್ವಜರ ಬಂದೂಕು ನೆನೆದು ಗದ್ಗದಿತರಾದರೆ ಸಂವಿಧಾನ. ಕೊಡಗಿನವರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಬ್ರಿಟಿಷರ ಕಾಲದಿಂದ ಅವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ದಿನ ಅವರು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಅದು ಭಕ್ತಿ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಇದು ಸಂಖ್ಯಾಶಾಸ್ತ್ರ ಎಂದು ಅವರು ಯಾರೊಂದಿಗೂ ವಾದಕ್ಕೆ ಇಳಿಯುವುದಿಲ್ಲ. ಸುಮಾರು 33 ಕೋಟಿ ಜನರಿರುವಲ್ಲಿ 39 ಕೋಟಿ ಬಂದೂಕು ಇವೆಯೆಂದು 2017ರ ಅಂದಾಜೊಂದು ಹೇಳುವ ದೇಶದವರು ಮಾತ್ರ ತಮ್ಮದು ಶುದ್ಧ ತರ್ಕ ಎನ್ನುತ್ತಾರೆ.

ಎದುರು ಪಕ್ಷದ ಭಾವುಕತೆಗೂ ಒಂದು ನಮಸ್ಕಾರ ಸಲ್ಲಬೇಕು. 1994ರಿಂದ ಹತ್ತು ವರ್ಷ ಜಾರಿಯಲ್ಲಿದ್ದ ದಾಳಿ ಬಂದೂಕುಗಳ ನಿಷೇಧವು ಯಾವುದು ಅಪಾಯಕಾರಿ ಎಂದು ಗುರುತಿಸಲು ಇಟ್ಟುಕೊಂಡ ಲಕ್ಷಣಗಳಲ್ಲಿ ನಳಿಗೆಯ ತುದಿಗೆ ಬಯೊನೆಟ್ ಎಂಬ ಚೂರಿ ಸಿಕ್ಕಿಸುವ ಕೊಂಡಿಯೂ ಒಂದಾಗಿತ್ತು. ಅಮೆರಿಕದ ಬೀದಿಯಲ್ಲಿ ಬಯೊನೆಟ್ ಹಿಡಿದು ಮುನ್ನುಗ್ಗಿದವರ ಹಾವಳಿಯ ಬಗ್ಗೆ ನಾನು ಎಲ್ಲೂ ಓದಿಲ್ಲ. ಕಪ್ಪು ಬಣ್ಣದ ಉದ್ದನೆಯ ಬಂದೂಕು ಟೀವಿಯಲ್ಲಿ ಭಯಂಕರವಾಗಿ ಕಾಣುತ್ತದೆ. ಕೊಲೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಕೈಪಿಸ್ತೂಲು. 2022ರಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಮೇಲೆ ತಾವೇ ಗುಂಡು ಹಾರಿಸಿಕೊಂಡವರು. ಅವರಿಗಾಗಿ ಯಾರೂ ಮೇಣದಬತ್ತಿ ಹಚ್ಚುವುದಿಲ್ಲ, ಯಾವ ಪಕ್ಷದ ಟೀವಿಗೂ ಅವರು ಬೇಡ.

ಇಷ್ಟೆಲ್ಲ ಪುರಾವೆ ಕೇಳುವ ಜನ ಕೆಲವು ಪರಿಹಾರಗಳಿಗೆ ಮಾತ್ರ ಏನನ್ನೂ ಕೇಳುವುದಿಲ್ಲ. 2018ರಲ್ಲಿ ಪೆನ್ಸಿಲ್ವೇನಿಯದ ಒಂದು ಶಾಲಾ ಜಿಲ್ಲೆ ತನ್ನ ಶಿಕ್ಷಕರಿಗೆ 16 ಅಂಗುಲದ ಪುಟ್ಟ ಬೇಸ್‌ಬಾಲ್ ಬ್ಯಾಟುಗಳನ್ನು ಹಂಚಿತು. ಅದೇ ರಾಜ್ಯದ ಇನ್ನೊಂದು ಜಿಲ್ಲೆ ಪ್ರತಿ ತರಗತಿಯಲ್ಲೂ ಒಂದು ಬಕೆಟ್ ಹೊಳೆಗಲ್ಲು ಇರಿಸಿತು. ಬಂದೂಕುಧಾರಿ ಬಂದರೆ ಮಕ್ಕಳು ಎಸೆಯಲಿ ಎಂದು. ನಮ್ಮ ಕಡೆ ಜೋಳದ ಹೊಲದಲ್ಲಿ ಗುಬ್ಬಿ ಓಡಿಸುವವರು ಕೂಡ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುತ್ತಾರೆ, ಬರಿಗೈಯಲ್ಲಿ ಎಸೆಯುವುದಿಲ್ಲ. ಹೊಳೆಗಲ್ಲಿನ ಪರಿಣಾಮದ ಬಗ್ಗೆ ಅಧ್ಯಯನ ಎಲ್ಲಿ, ಎಷ್ಟು ತರಗತಿಗಳಲ್ಲಿ ಪರೀಕ್ಷಿಸಿದ್ದೀರಿ ಎಂದು ನಮ್ಮ ಸಭ್ಯರು ಕೇಳಿದ್ದು ನನಗಂತೂ ಕೇಳಿಸಲಿಲ್ಲ.

ಅದೇ ವರ್ಷ ಟೆಕ್ಸಾಸಿನ ಸಾಂಟಾ ಫೆ ಶಾಲೆಯಲ್ಲಿ 10 ಮಂದಿ ಸತ್ತಾಗ, ಆ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಡಾನ್ ಪ್ಯಾಟ್ರಿಕ್ ಕಂಡುಹಿಡಿದ ಕಾರಣಗಳಲ್ಲಿ ಒಂದು, ಶಾಲೆಗಳಿಗೆ ಬಾಗಿಲುಗಳು ಜಾಸ್ತಿಯಾಗಿವೆ ಎಂಬುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮಗೆ ಗೊತ್ತು. ಬಾಗಿಲೇ ಕೊಳ್ಳೆ ಹೊಡೆಯಿತು ಎಂಬ ಗಾದೆ ಹೊಸದು.

ಬಾಗಿಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ಮೇ 24ರಂದು ಅದೇ ಟೆಕ್ಸಾಸಿನ ಯುವಾಲ್ಡಿಯ ಶಾಲೆಯೊಂದರಲ್ಲಿ, ಬಂದೂಕು ಹಿಡಿದ ಕೆಟ್ಟವನನ್ನು ತಡೆಯಲು ಬಂದೂಕು ಹಿಡಿದ ಒಳ್ಳೆಯವನೇ ಬೇಕು ಎಂಬ ಸಿದ್ಧಾಂತಕ್ಕೆ ಪರೀಕ್ಷೆ ನಡೆಯಿತು. ಒಳ್ಳೆಯವರು ಒಬ್ಬಿಬ್ಬರಲ್ಲ, ಪೊಲೀಸರೇ ಮೊದಲಾದ 376 ಮಂದಿ ಬಂದಿದ್ದರು. 77 ನಿಮಿಷ ಕಾದರು. ಕೀಲಿಕೈ ಹುಡುಕುತ್ತಿದ್ದರು. ಹಂತಕನಿದ್ದ ತರಗತಿಯ ಬಾಗಿಲಿಗೆ ಬೀಗವೇ ಬಿದ್ದಿರಲಿಲ್ಲವೆಂದು ತೋರುತ್ತದೆ, ಯಾರೂ ಹಿಡಿಕೆ ತಿರುಗಿಸಿ ನೋಡಲಿಲ್ಲ ಎಂದು ಆ ರಾಜ್ಯದ ಶಾಸನಸಭೆಯ ಸಮಿತಿಯೇ ಬರೆದಿದೆ. ಒಳಗಿನಿಂದ ಮಕ್ಕಳು ಪೊಲೀಸರಿಗೆ ಫೋನು ಮಾಡುತ್ತಲೇ ಇದ್ದರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಇದರ ಮುಂದೆ ನಿಂತು ಭಾವುಕರಾಗಬೇಡಿ ಎನ್ನುವವನ ಬಗ್ಗೆ ಏನು ಬರೆಯಬೇಕೋ ಅದೂ ತಿಳಿಯುವುದಿಲ್ಲ. ಸಾಕಾಗಿದೆ.

ಸಾಕಾಗಿದೆ ಎಂದು ಹೀಗೆಯೇ ಇನ್ನೊಬ್ಬರು 2012ರಲ್ಲಿ ಬರೆದಿದ್ದರು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವೈದ್ಯ ವಿವೇಕ್ ಮೂರ್ತಿ, ರಾಜಕಾರಣಿಗಳ ಬಂದೂಕಿನ ಆಟ ನೋಡಿ ದಣಿದಿದ್ದೇನೆ, ಬಂದೂಕು ಆರೋಗ್ಯದ ವಿಷಯ ಎಂಬರ್ಥದ ಒಂದು ಟ್ವೀಟ್ ಮಾಡಿದರು. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಆದರೂ ಸರ್ಜನ್ ಜನರಲ್, ಅಂದರೆ ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ, ಆದಾಗ ಮಂಡ್ಯದ ಹುಡುಗ ಎಂದು ನಾವು ಹಿಗ್ಗಿದೆವು. ಆ ಹುದ್ದೆಗೆ 2013ರ ನವೆಂಬರಿನಲ್ಲಿ ನಾಮನಿರ್ದೇಶನಗೊಂಡವರು, ಅದೊಂದು ಟ್ವೀಟಿಗಾಗಿ ಬಂದೂಕಿನವರ ಪ್ರಬಲ ಸಂಘವಾದ ಎನ್‌ಆರ್‌ಎಯ ಕೋಪಕ್ಕೆ ಗುರಿಯಾಗಿ, 2014ರ ಡಿಸೆಂಬರಿನವರೆಗೆ ಹೊಸ್ತಿಲಲ್ಲೇ ನಿಂತಿದ್ದರು ಎಂಬುದನ್ನು ನಮ್ಮ ಹಿಗ್ಗು ಅಷ್ಟಾಗಿ ಗಮನಿಸಲಿಲ್ಲ. ಸೆನೆಟಿನ ಮುಂದೆ ಅವರು, ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಈ ಪೀಠವನ್ನು ಬಳಸುವ ಉದ್ದೇಶ ನನಗಿಲ್ಲ ಎಂದು ಹೇಳಬೇಕಾಯಿತು. ದೇಶದ ದೊಡ್ಡ ಡಾಕ್ಟರಿಂದ ಮೊದಲು ಪಡೆದ ಭರವಸೆ ಅದು.

ಎರಡನೆಯ ಸಲ ಅದೇ ಹುದ್ದೆಯಲ್ಲಿದ್ದಾಗ, 2024ರ ಜೂನಿನಲ್ಲಿ, ಹಲ್ಲೇಗೆರೆಯವರು ಹಲ್ಲೆಗೆ ಗೆರೆ ಎಳೆಯಲು ಹೊರಟರು. ಬಂದೂಕಿನ ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಅಂಕಿಅಂಶ, ನಕ್ಷೆ, ಅಡಿಟಿಪ್ಪಣಿಗಳ ಸಮೇತ ಅಧಿಕೃತ ವರದಿ ಹೊರಡಿಸಿದರು. 2020ರಿಂದ ಆ ದೇಶದ ಮಕ್ಕಳು ಮತ್ತು ಹದಿಹರೆಯದವರು ಸಾಯುವ ಕಾರಣಗಳಲ್ಲಿ ಬಂದೂಕು ಮೊದಲನೆಯದು ಎಂಬುದೂ ಅದರಲ್ಲಿತ್ತು. ಸರ್ಕಾರ ಬದಲಾಯಿತು. 2025ರ ಮಾರ್ಚಿನಲ್ಲಿ ವರದಿಯನ್ನು ಆರೋಗ್ಯ ಇಲಾಖೆಯ ಜಾಲತಾಣದಿಂದ ತೆಗೆದುಹಾಕಿದರು.

ಮೊನ್ನೆ ಟೀವಿಯ ಸಭ್ಯರು ಪುರಾವೆ ತನ್ನಿ ಎಂದಾಗ, ಆಗಲಿ ಎಂದು ನಾನು ಅದರ ಹಳೆಯ ಕೊಂಡಿಯನ್ನು ಹುಡುಕಿ ಒತ್ತಿದೆ. ವಿಳಾಸ ಇತ್ತು, ಪುಟ ಇರಲಿಲ್ಲ.