ಸೋಲದ ತಂಡಕ್ಕೆ ಪ್ಲೇಆಫ್ ಜಾಗ ಖಾತ್ರಿಯೇ?

ಅಮೆರಿಕದ ಕಾಲೇಜ್ ಫುಟ್‌ಬಾಲ್ ಸೀಸನ್ ಮುಗಿಯುವ ಹೊತ್ತಿಗೆ ಒಂದು ಮೆಸೇಜ್ ಓಡಾಡುತ್ತದೆ: ಒಂದೂ ಪಂದ್ಯ ಸೋಲದ ತಂಡಕ್ಕೆ ಪ್ಲೇಆಫ್ ಜಾಗ ಖಾತ್ರಿ, ಉಳಿದವರನ್ನು ಕಂಪ್ಯೂಟರ್ ಆರಿಸುತ್ತದೆ ಅಂತ. ಎರಡೂ ಸರಿಯಲ್ಲ.

ಕಂಪ್ಯೂಟರ್ ಮಾತು ಹಳೆಯದು. 1998ರಿಂದ 2013ರ ಸೀಸನ್‌ವರೆಗೆ ಫೈನಲ್‌ನ ಎರಡು ತಂಡಗಳನ್ನು ಆರಿಸಲು ಮತಗಳ ಜೊತೆ ಕಂಪ್ಯೂಟರ್ ಲೆಕ್ಕವೂ ಸೇರುತ್ತಿತ್ತು. 2014ರಿಂದ ಒಂದು ಸಮಿತಿ ಕೂತು ರ‍್ಯಾಂಕಿಂಗ್ ಕೊಡುತ್ತದೆ.

ಇನ್ನು ಸೋಲದಿರುವ ವಿಚಾರ. ಅಲ್ಲಿನ ಮೇಲಿನ ದರ್ಜೆಯಲ್ಲಿ 130ಕ್ಕೂ ಜಾಸ್ತಿ ತಂಡಗಳಿವೆ, ಒಂದೊಂದು ಆಡುವುದು ಹನ್ನೆರಡು ಪಂದ್ಯದ ಆಸುಪಾಸು. ಎಲ್ಲರಿಗೂ ಒಂದೇ ಮಟ್ಟದ ಎದುರಾಳಿ ಸಿಗುವುದಿಲ್ಲ. ಹಾಗಾಗಿ ಯಾರನ್ನು ಸೋಲಿಸಿದರು ಎನ್ನುವುದನ್ನೂ ಸಮಿತಿ ನೋಡುತ್ತದೆ. 2023ರಲ್ಲಿ 13ಕ್ಕೆ 13 ಗೆದ್ದು ತನ್ನ ಲೀಗ್‌ನ (ಅಂದರೆ ತಾನಿರುವ ತಂಡಗಳ ಗುಂಪಿನ) ಚಾಂಪಿಯನ್ ಆದ ತಂಡವೇ ಪ್ಲೇಆಫ್‌ನಲ್ಲಿ ಆಗಿದ್ದ ನಾಲ್ಕು ಜಾಗಗಳ ಪಟ್ಟಿಯಿಂದ ಹೊರಗುಳಿಯಿತು. ಬೇಜಾರಿನ ಸಂಗತಿಯೇ, ಅಲ್ವಾ? 2024ರಲ್ಲಿ ಜಾಗ 12 ಆಯಿತು. ಆಗ ರ‍್ಯಾಂಕಿಂಗ್‌ನಲ್ಲಿ ಮೇಲಿದ್ದ ಐದು ಲೀಗ್ ಚಾಂಪಿಯನ್‌ಗಳಿಗೆ ನೇರ ಪ್ರವೇಶ, ಉಳಿದ ಏಳು ರ‍್ಯಾಂಕಿಂಗ್ ಪ್ರಕಾರ.

ಮೆಸೇಜ್ ಕಳಿಸಿದವರು ಸುಮ್ನೆ ಕಥೆ ಕಟ್ಟಿದ್ದಾರೆ ಅನ್ನಬೇಕಿಲ್ಲ. ನಿಯಮ ಬದಲಾಗುತ್ತಲೇ ಇರುವಾಗ ಹಳೆಯದು ತಲೆಯಲ್ಲಿ ಉಳಿಯುತ್ತದೆ. ಮೊದಲು ಅದು ಯಾವ ವರ್ಷದ ನಿಯಮ ಅಂತ ಕೇಳಿ. ಆಮೇಲೆ ಪ್ಲೇಆಫ್‌ನ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಆಯ್ಕೆ ನಿಯಮ ಓದಿ, ಆಯ್ಕೆಯಾದ ತಂಡಗಳ ಸೋಲು-ಗೆಲುವಿನ ಲೆಕ್ಕ ಪಕ್ಕದಲ್ಲಿಟ್ಟು ನೋಡಿ.