ಬೆಂಗಳೂರು ಗಾಡಿಯಾ? ಮೊದಲು ಬ್ರೇಕ್ ನೋಡಿ

"ಬೆಂಗಳೂರ್ ವಂಡಿಯಾ? ಮೊದಲ್ಲ ಬ್ರೇಕ್ ಪಾರುಂಗ." ಕೆಎ ನಂಬರಿನ ಕಾರು ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿನ ಪ್ಯಾಡಾಕಿಗೆ, ಅಂದರೆ ಗಾಡಿ ತಯಾರು ಮಾಡುವ ಅಂಗಳಕ್ಕೆ ಬಂದು ನಿಂತರೆ ಇಲ್ಲಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಬರುವ ಮಾತು ಇದು. ಬಾನೆಟ್ ಎತ್ತಿ ನೋಡುವ ಕುತೂಹಲವೂ ಅವರಿಗಿಲ್ಲ, ಸೀದಾ ಟಾರ್ಚ್ ಹಿಡಿದು ಚಕ್ರದ ಸಂದಿಗೆ ಬಗ್ಗುತ್ತಾರೆ. ಚೆನ್ನೈನಲ್ಲಿ ನೆಲೆಸಿದ ಕನ್ನಡಿಗನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಮಾತು ನಿಜವಾದ್ದರಿಂದ ಇನ್ನೂ ಸ್ವಲ್ಪ ಜಾಸ್ತಿ ಉರಿಯುತ್ತದೆ.

ನಮ್ಮೂರ ಹುಡುಗರ ಕೈಗೆ ಫೋಕ್ಸ್‌ವ್ಯಾಗನ್‌ನ ಒಂದು ಪೋಲೊ ಜಿಟಿ ಟಿಎಸ್‌ಐ ಸಿಕ್ಕಿತು ಅನ್ನಿ. ಮೊದಲು ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಮ್ ತಿದ್ದಿ ಶಕ್ತಿ ಹೆಚ್ಚಿಸುವುದು. ಆಮೇಲೆ ಟರ್ಬೊದಿಂದ ಹೊಗೆ ಹೊರಬಿಡುವ ಡೌನ್‌ಪೈಪ್, ಸದ್ದು ಮಾಡುವ ಎಕ್ಸಾಸ್ಟ್, 17 ಇಂಚಿನ ಅಲಾಯ್, ಗಾಡಿ ತಗ್ಗಿಸುವ ಸ್ಪ್ರಿಂಗ್. ಕೊನೆಗೆ ಎಂಜಿನ್ ಶಕ್ತಿ ಅಳೆದ ಡೈನೊ ಶೀಟಿನ ಫೋಟೊ ಗೆಳೆಯರಿಗೆಲ್ಲ ರವಾನೆ. ಬ್ರೇಕ್ ಏನು ಹಾಕಿಸಿದೆ ಎಂದು ಕೇಳಿದರೆ "ಸ್ಟಾಕೇ ಸಾಕು ಗುರೂ" ಎಂಬ ಉತ್ತರ, ಅಂದರೆ ಕಂಪನಿ ಕೊಟ್ಟದ್ದೇ. ಚೆನ್ನೈನಲ್ಲಿ ಟ್ರ್ಯಾಕಿಗೆ ಹೋಗುವವರ ಪಟ್ಟಿ ಇದಕ್ಕೆ ತಲೆಕೆಳಗು: ಬ್ರೇಕ್ ಆಯಿಲ್, ಪ್ಯಾಡ್, ಟೈರು, ಕೂಲಂಟ್. ದುಡ್ಡು ಮಿಕ್ಕಿದರೆ ರೀಮ್ಯಾಪ್.

ಲೆಕ್ಕ ಸುಲಭ. ಬ್ರೇಕು ಅರಗಿಸಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಟ್ರ್ಯಾಕಿನ ನೇರ ದಾರಿಯ ಕೊನೆಗೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಬರುತ್ತಿದ್ದ ಕಾರು ರೀಮ್ಯಾಪ್ ಆದಮೇಲೆ 150ರಲ್ಲಿ ಬಂದರೆ ವೇಗ ಹೆಚ್ಚಿದ್ದು ಕಾಲು ಭಾಗ, ಡಿಸ್ಕಿಗೆ ಬೀಳುವ ಶಾಖ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. ಮುಂದಿನ ಡಿಸ್ಕ್ ಅದೇ, ಹಿಂದಿನದು ಅದೇ ಡ್ರಮ್ಮು. ಊರೊಳಗೆ ಸಿಲ್ಕ್ ಬೋರ್ಡಿನಲ್ಲಿ ಇದು ಗೊತ್ತಾಗುವುದೇ ಇಲ್ಲ. 3.717 ಕಿ.ಮೀ. ಸುತ್ತಿನ, 12 ತಿರುವಿನ ಟ್ರ್ಯಾಕಿನಲ್ಲಿ ನಾಲ್ಕನೇ ಲ್ಯಾಪಿಗೇ ಗೊತ್ತಾಗುತ್ತದೆ.

ಹೆಚ್ಚಿನವರು ಎಡವುವುದು ಬ್ರೇಕ್ ಆಯಿಲ್ ಹತ್ತಿರ. ಡಾಟ್ 4 ದರ್ಜೆಯ ಆಯಿಲಿನ ಡಬ್ಬಿ ಒಡೆದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ. ಅದು ಗಾಳಿಯ ತೇವ ಹೀರುವ ದ್ರವ, ನೀರು ಸೇರಿದ ಮೇಲೆ ಅದೇ ಡಾಟ್ 4ಕ್ಕೆ ಇರಬೇಕಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಎರಡು ಮೂರು ವರ್ಷದಿಂದ ಬದಲಿಸದ ಆಯಿಲ್ ಹಾಕಿಕೊಂಡು ಚೆನ್ನೈ ಬಿಸಿಲಿಗೆ ಇಳಿದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಆವಿ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಪಿಸ್ಟನ್ ಕದಲುವುದಿಲ್ಲ, ಕಾಲು ನೆಲ ಮುಟ್ಟುತ್ತದೆ. ಮೋಟುಲ್ ಆರ್‌ಬಿಎಫ್ 600ರಂಥ ರೇಸಿಂಗ್ ಆಯಿಲ್ 300 ಡಿಗ್ರಿ ದಾಟಿದರೂ ತಡೆಯುತ್ತದೆ. ಅರ್ಧ ಲೀಟರಿನ ಎರಡು ಬಾಟಲಿ ಇದ್ದರೆ ಹಳೆಯದು ಪೂರ್ತಿ ಹೊರಬೀಳುವವರೆಗೆ ಬ್ಲೀಡ್ ಮಾಡಬಹುದು, ಅಂದರೆ ಚಕ್ರದ ಕಡೆಯಿಂದ ಹರಿಸಿ ತೆಗೆಯಬಹುದು. ಯಾವ ಚಕ್ರದಿಂದ ಶುರು ಮಾಡಬೇಕೆಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಸಾಮಾನ್ಯವಾಗಿ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಗಾಳಿ ಒಳಸೇರಿ ಕೆಲಸ ಮೊದಲಿನಿಂದ. ಡಾಟ್ 5.1 ಹಾಕಬಹುದು. ಡಾಟ್ 5 ಸಿಲಿಕೋನ್, ಅದನ್ನು ಮುಟ್ಟಲೇಬೇಡಿ.

ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದಿದಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಈ ಎರಡರ ವ್ಯತ್ಯಾಸವನ್ನು ಇಲ್ಲಿನ ಹದಿನೆಂಟರ ಹುಡುಗ ನಿದ್ದೆಯಲ್ಲೂ ಹೇಳುತ್ತಾನೆ. ಅರ್ಧಕ್ಕಿಂತ ಸವೆದ ಪ್ಯಾಡಿನಲ್ಲಿ ಟ್ರ್ಯಾಕಿಗೆ ಇಳಿಯಬಾರದು, ತೆಳುವಾದಷ್ಟೂ ಶಾಖ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಬೇಗ ಹೋಗುತ್ತದೆ. ಹೊಸ ಪ್ಯಾಡ್ ಹಾಕಿದರೆ ಖಾಲಿ ರಸ್ತೆಯಲ್ಲಿ ಎಂಬತ್ತರಿಂದ ಇಪ್ಪತ್ತಕ್ಕೆ ಎಂಟು ಹತ್ತು ಸಲ ಇಳಿಸಿ ಡಿಸ್ಕಿನ ಮೇಲೆ ಪ್ಯಾಡಿನ ಪದರ ಕೂರಿಸಬೇಕು, ಮಧ್ಯೆ ಪೂರ್ತಿ ನಿಲ್ಲಿಸಬಾರದು. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಬೇಕು. ಇದನ್ನು ಅತ್ತಿಬೆಲೆ ಟೋಲ್ ಸಾಲಿಗೆ ಬರುವ ಮೊದಲೇ ಮುಗಿಸಿದರೆ ಒಳ್ಳೆಯದು. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಚ್ಚು ಬೀಳುತ್ತದೆ, ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬೆಂಡ್ ಆಗಿದೆ ಅಂತ ಪಾಪ ಅದನ್ನೇ ಬದಲಿಸುತ್ತಾರೆ.

ಟೈರಿಗೆ ಬೇಕಾದ ಉಪಕರಣ ಒಂದು ಸೀಮೆಸುಣ್ಣದ ತುಂಡು, ಒಂದು ಗೇಜು. ಸೈಡ್‌ವಾಲ್ ಮೇಲಿನ ಚಿಕ್ಕ ತ್ರಿಕೋನದ ಗುರುತಿಗೆ ಅಡ್ಡಲಾಗಿ ಸುಣ್ಣದಲ್ಲಿ ಗೀಟು ಎಳೆಯಿರಿ. ನಾಲ್ಕು ಲ್ಯಾಪ್ ಹೊಡೆದು ಬಂದಾಗ ಗೀಟು ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿ. ಅದರ ಆಚೆಗೂ ಅಳಿಸಿದ್ದರೆ ಟೈರು ಮಗ್ಗುಲಿಗೆ ಮಡಚುತ್ತಿದೆ, ಗಾಳಿ ಕಡಿಮೆ. ಸುಮಾರು 6 ಡಿಗ್ರಿ ಬಿಸಿಯೇರಿದರೆ 1 ಪಿಎಸ್‌ಐ ಏರುತ್ತದೆ, ಹಾಗಾಗಿ ತಣ್ಣಗಿದ್ದಾಗ 33 ತುಂಬಿಸಿಕೊಂಡು ಬಂದವನ ಗೇಜು ಬಿಸಿಯಲ್ಲಿ 40 ದಾಟುತ್ತದೆ. ಬಿಸಿಯಿರುವಾಗಲೇ 35ರ ಆಸುಪಾಸಿಗೆ ಇಳಿಸಿಕೊಳ್ಳುವುದು ವಾಡಿಕೆ. ಬಲತಿರುವುಗಳೇ ಮೇಲುಗೈಯಾದ ಟ್ರ್ಯಾಕ್ ಆದ್ದರಿಂದ ಎಡ ಮುಂದಿನ ಟೈರಿಗೆ ಹೆಚ್ಚು ಏಟು, ಮೊದಲು ಅದನ್ನೇ ನೋಡಬೇಕು. ಪೋಲೊ ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್. ಪ್ರತಿ ಸೆಷನ್ನಿನ ನಂತರ ಆರಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಬೇಕು, ಪಂಚರ್ ಅಂಗಡಿಯ ಗನ್ನಿನ ಬಿಗಿ ಲೆಕ್ಕಕ್ಕಿಲ್ಲ. 17 ಇಂಚಿನ ಅಲಾಯ್ ಜೊತೆ ಬರುವ, ಚಕ್ರವನ್ನು ಸರಿಯಾಗಿ ಮಧ್ಯಕ್ಕೆ ಕೂರಿಸುವ ಪ್ಲಾಸ್ಟಿಕ್ ಹಬ್ ರಿಂಗು ಬ್ರೇಕಿನ ಶಾಖಕ್ಕೆ ಮೆತ್ತಗಾಗುತ್ತದೆ. ಅಲ್ಯುಮಿನಿಯಮ್ಮಿನದು ಹಾಕಿಸಿ.

ಸಡಿಲ ವಸ್ತುಗಳೆಲ್ಲ ಹೊರಕ್ಕೆ: ಸ್ಟೆಪ್ನಿ, ಜಾಕು, ನೀರಿನ ಬಾಟಲಿ, ಕಾಲಡಿಯ ಮ್ಯಾಟು. ಡ್ಯಾಶ್‌ಬೋರ್ಡಿನ ಗಣಪನೂ ಇಳಿಯಬೇಕು. ಹಣೆತುಂಬ ವಿಭೂತಿ ಬಳಿದ ತಪಾಸಣೆಯವರೇ ಅವನನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು ಮಾಲೀಕನ ಕೈಗೆ ಕೊಡುತ್ತಾರೆ. ಬಂಪರಿನ ನಿಂಬೆಹಣ್ಣು, ಮೆಣಸಿನಕಾಯಿಗೂ ಅದೇ ಗತಿ. ಇನ್ನು ಟೋ ಹುಕ್, ಕೆಟ್ಟ ಗಾಡಿ ಎಳೆಯಲು ಸಿಕ್ಕಿಸುವ ಕೊಂಡಿ. ಬಾಡಿ ಕಿಟ್ ಹಾಕಿಸಿದ ನಮ್ಮವರ ಗಾಡಿಯಲ್ಲಿ ಹುಕ್ ಸಿಕ್ಕಿಸುವ ತೂತೇ ಮುಚ್ಚಿಹೋಗಿರುತ್ತದೆ. ಫೋಕ್ಸ್‌ವ್ಯಾಗನ್ ಹುಕ್ಕಿಗೆ ಎಡ ಥ್ರೆಡ್ಡು, ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಗಿಯುತ್ತದೆ. ಮನೆಯಲ್ಲೇ ಒಮ್ಮೆ ಹಾಕಿ ನೋಡಿ.

ಎಂಜಿನ್ ಆಯಿಲ್ ಮೇಲಿನ ಗೆರೆಯವರೆಗೆ ಇರಲಿ, ಉದ್ದ ತಿರುವಿನಲ್ಲಿ ಅದು ಎಂಜಿನ್ ತಳದ ಸಂಪಿನ ಒಂದು ಕಡೆಗೆ ಸರಿದು ಪಂಪಿಗೆ ಸಿಗದೆ ಹೋಗಬಹುದು. ಪೆಟ್ರೋಲು ಕಾಲು ಟ್ಯಾಂಕಿಗಿಂತ ಇಳಿದರೂ ಇದೇ ಪಾಡು. ರೀಮ್ಯಾಪ್ ಬಗ್ಗೆ ಒಂದು ಮಾತು: ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪಿನಲ್ಲಿ ಬರೆದ ಮ್ಯಾಪು ಚೆನ್ನೈನ ಮಧ್ಯಾಹ್ನ ಹಾಗೇ ನಡೆಯುವುದಿಲ್ಲ. ಒಳಸೇರುವ ಗಾಳಿ ಕಾದು ಪೆಟ್ರೋಲು ತಾನಾಗಿಯೇ ಸಿಡಿಯುವ ನಾಕಿಂಗ್ ಶುರುವಾಗುತ್ತದೆ, ಇಸಿಯು ಕಿಡಿ ಹೊತ್ತಿಸುವ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಡೈನೊ ಶೀಟಿನ ಕುದುರೆಗಳು ಮೂರನೇ ಲ್ಯಾಪಿಗೆ ಕಾಣೆ. ಜೊತೆಗೆ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿಯದು ಒಣ ಕ್ಲಚ್ಚು, ಅದಕ್ಕೂ ಆರಲು ಸಮಯ ಬೇಕು. ಹದಿನೈದು ನಿಮಿಷಕ್ಕಿಂತ ಎಳೆಯಬೇಡಿ. ಕೊನೆಯ ಲ್ಯಾಪ್ ಮೇಲಿನ ಗೇರಿನಲ್ಲಿ, ಆದಷ್ಟು ಬ್ರೇಕ್ ಮುಟ್ಟದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಬೇಡ, ಚಕ್ರಕ್ಕೆ ಕಲ್ಲು ಕೊಡಿ.

ಇದೆಲ್ಲ ತಮಿಳರ ರಕ್ತದಲ್ಲಿ ಬಂದದ್ದೇನಲ್ಲ. ಚೆನ್ನೈ ಬಳಿಯ ಶೋಲಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ 1950ರ ದಶಕದಲ್ಲೇ ಇಲ್ಲಿ ರೇಸು ನಡೆಯುತ್ತಿತ್ತು. ಇರುಂಗಾಟುಕೋಟೈ ಟ್ರ್ಯಾಕ್ 1990ರಿಂದ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ಭಾನುವಾರ ಬೆಳಿಗ್ಗೆ ಹೋಗಿ ಬ್ರೇಕ್ ಕುದಿಸಿಕೊಂಡು ಬಂದವನು ಮುಂದಿನ ಸಂಬಳದಲ್ಲಿ ಡೌನ್‌ಪೈಪ್ ಕೊಳ್ಳುವುದಿಲ್ಲ. ಇಷ್ಟು ದುಡ್ಡು, ಇಷ್ಟು ಎಂಜಿನಿಯರುಗಳು, ಇಷ್ಟು ಟ್ಯೂನಿಂಗ್ ಗ್ಯಾರೇಜು ಇರುವ ಬೆಂಗಳೂರಿನಲ್ಲಿ ಇಂಥ ಒಂದು ಟ್ರ್ಯಾಕ್ ಇಲ್ಲ. ಏರ್‌ಪೋರ್ಟ್ ರಸ್ತೆಯ ಫ್ಲೈಓವರ್ ಇದೆ, ಮಧ್ಯರಾತ್ರಿ ಇದೆ. ಅಲ್ಲಿ ಪರೀಕ್ಷೆಯಾಗುವುದು ಎಕ್ಸಾಸ್ಟ್ ಒಂದೇ, ಆಮೇಲೆ ಪೊಲೀಸರ ತಾಳ್ಮೆ.

ಹೇಳದೆ ಬಿಡಬೇಕು ಅಂದುಕೊಂಡರೂ ಹೇಳಬೇಕಾದದ್ದು: ಇದೇ ಪ್ಯಾಡಾಕಿನಲ್ಲಿ ನಮ್ಮವರನ್ನು ನೋಡಿ ನಗುವವರ ಎಷ್ಟೋ ಕಾರುಗಳ ಇಸಿಯು ಫೈಲು ಬಂದಿರುವುದು ಬೆಂಗಳೂರಿನಿಂದ. ಲ್ಯಾಪ್‌ಟಾಪ್ ಮುಂದೆ ಕೂತವರ ಕೈಚಳಕದಲ್ಲಿ ನಮ್ಮೂರೇ ಮೇಲು. ಇನ್ನು ಚಿಕ್ಕಮಗಳೂರಿನ ತೋಟದ ದಾರಿಯಲ್ಲಿ ರ‍್ಯಾಲಿ ಓಡಿಸುವವರ ತಯಾರಿ ನೋಡಿದರೆ ಚೆನ್ನೈನವರು ಸುಮ್ಮನಾಗುತ್ತಾರೆ; ಬಿಗಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೀಟು ಎಳೆದಿರುತ್ತಾರೆ, ಗೀಟು ಮುರಿದಿದ್ದರೆ ಸಡಿಲವಾಗಿದೆ ಎಂದರ್ಥ. ಇಲ್ಲಿನ ಗಾಡಿ ಕೆಟ್ಟರೆ ಅರ್ಧ ಗಂಟೆಯಲ್ಲಿ ಟೋ ಟ್ರಕ್ ಬಂದು ಮನೆಗೆ ಒಯ್ಯುತ್ತದೆ. ಬೆಂಗಳೂರಿನವನು 300 ಕಿ.ಮೀ. ಓಡಿಸಿಕೊಂಡು ಬಂದು, ಅದೇ ಗಾಡಿಯಲ್ಲಿ ಹಿಂತಿರುಗಿ, ಸೋಮವಾರ ಅದರಲ್ಲೇ ಆಫೀಸಿಗೆ ಹೋಗಬೇಕು. ಆ ಹೊರೆ ಇವರಿಗಿಲ್ಲ.

ಅದಕ್ಕೇ ಹಿಂತಿರುಗುವ ದಾರಿಗೂ ತಯಾರಿ ಬೇಕು. ಟೈರಿನ ಗಾಳಿ ಆರಿದ ಮೇಲೆ ಮತ್ತೆ 33ಕ್ಕೆ ತುಂಬಿಸಿ, ಆಯಿಲ್ ನೋಡಿ, ಪ್ಯಾಡ್ ಎಷ್ಟು ಉಳಿದಿದೆ ಎಂದು ಟಾರ್ಚ್ ಬಿಟ್ಟು ಅಳೆಯಿರಿ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಊರಿನಿಂದ ತಂದ ಹಳೆಯ ಸ್ಟಾಕ್ ಪ್ಯಾಡನ್ನು ಅಲ್ಲೇ ಹಾಕಿಕೊಂಡು ಹೊರಡಿ. ಟ್ರ್ಯಾಕಿನಲ್ಲಾದದ್ದಕ್ಕೆ ಇನ್ಶೂರೆನ್ಸ್ ಬರುವುದಿಲ್ಲ, ರೇಸು ಮತ್ತು ವೇಗ ಪರೀಕ್ಷೆಯನ್ನು ಪಾಲಿಸಿಯಲ್ಲೇ ಹೊರಗಿಟ್ಟಿರುತ್ತಾರೆ. ಹೆದ್ದಾರಿಯಲ್ಲಾದದ್ದಕ್ಕೆ ಬರುತ್ತದೆ, ಆದರೆ ರೀಮ್ಯಾಪ್ ಮಾಡಿಸಿದ್ದನ್ನು ಕಂಪನಿಗೆ ತಿಳಿಸದಿದ್ದರೆ ಅದಕ್ಕೂ ತಕರಾರು ತೆಗೆಯಬಹುದು.